ಬಟವಾಡೆ

ಪುಷ್ಯದ ಚಳಿ. ರಾತ್ರಿ ಹನ್ನೊಂದೂವರೆಗೆ ಫೋನು:
ದಂಡಿನಗದ್ದೆ ಟಿ.ಸಿ. ಫ್ಯೂಸು ಹೋಗಿದೆ, ಬೇಗ ಬಾ.
ಬ್ಯಾಟರಿ ಹಿಡಿಯಲು ಒಬ್ಬ ಹುಡುಗನನ್ನಾದರೂ ಕಳಿಸಿ ಅಂದೆ.
ಅತ್ತ ಕಡೆ ಕೆಮ್ಮು. ಆಮೇಲೆ ಅದೂ ಇಲ್ಲ.

ನಗರದ ರಸ್ತೆಯಿಂದ ಒಳಗೆ ಎರಡು ಮೈಲಿ,
ಬೈಕು ನಿಲ್ಲಿಸಿ, ಸಂಕ ದಾಟಿ, ಅಂಚಿನ ಮೇಲೆ ನಡಿಗೆ.
ಕೊಯ್ಲು ಮುಗಿದ ಗದ್ದೆ; ಕೂಳೆ ಚಪ್ಪಲಿ ದಾಟಿ ಚುಚ್ಚುತ್ತದೆ.
ಮೇಲೆ ಕೋಟೆಗುಡ್ಡ, ಯಾರೋ ಅರ್ಧ ತಿಂದಿಟ್ಟ ರೊಟ್ಟಿ.

ಈ ಗದ್ದೆಯ ಮೇಲೆ ಎಲ್ಲರ ಹತ್ತಿರವೂ ಒಂದು ಕತೆ.
ಬುಡೇನ್ ಸಾಬರ ಗೂಡಂಗಡಿಯಲ್ಲಿ ಕೂತರೆ ಕುದುರೆ:
ಸವಾರನಿಲ್ಲ; ನೀರು ಕುಡಿಯುವ ಸದ್ದು ಕೇಳುತ್ತದೆ,
ಕೆರೆಯಲ್ಲಿ ಅಲೆ ಏಳುವುದಿಲ್ಲ.
ಗುತ್ಯಮ್ಮನಿಗೆ ನಟ್ಟಿಯ ದಿನ ಕೆಸರೊಳಗೆ ಕೈಗೆ ಕೈ ಸಿಕ್ಕಿತಂತೆ,
ತಣ್ಣಗಿನದು, ಸಸಿ ಹಿಡಿದುಕೊಂಡದ್ದು.
‘ಹೆದರಲಿಲ್ಲವೇನೇ?’
‘ಎಂಥಕ್ಕೆ? ಸಾಲು ನೆಟ್ಟಗಿತ್ತು.’
ಕೆಸರಿನ ಗಾಳಿ ಹೊತ್ತಿಕೊಳ್ಳುತ್ತದೆ, ಅಷ್ಟೆ, ಅಂತಾರೆ ಇನಾಸ ಮೇಷ್ಟ್ರು;
ಅಂದು, ಬೆಳಕಿರುವಾಗಲೇ ಸೈಕಲ್ಲು ಹತ್ತುತ್ತಾರೆ.

ಯಾವ ದಂಡು, ಯಾರ ಮೇಲೆ ಬಂತು ಅಂದರೆ
ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ದೊರೆ.
ಸತ್ತವರ ಲೆಕ್ಕ ಮಾತ್ರ ಎಲ್ಲರದೂ ಒಂದೇ: ಬಹಳ.

ಪುಸ್ತಕದಲ್ಲಿ ರಣ ಅಂದರೆ ಕಾಳಗ.
ನಮ್ಮಲ್ಲಿ ರಣ ಅಂದರೆ
ಕಾಳಗ ಮುಗಿದರೂ ಮನೆಗೆ ಹೋಗದೆ ಉಳಿದವನು.

ಕಂಬ ಹತ್ತಿದೆ. ಬೆಲ್ಟಿನ ಕೊಕ್ಕೆ ಸವೆದಿದೆ,
ಹೊಸದು ಬರುತ್ತದೆ ಅಂದದ್ದು ಹೋದ ಯುಗಾದಿಗೆ.
ಕೈಗವಸು ಒಂದೇ, ಎಡಗೈದು. ಬಲಗೈದು
ಕೆರಿಯನ ಹತ್ತಿರ ಇತ್ತು; ಅವನ ಜೊತೆಗೇ ಹೋಯಿತು.
ತಂತಿ ಹಲ್ಲಲ್ಲಿ ಕಚ್ಚಿಕೊಂಡಿದ್ದೆ,
ಕೆಳಗಿನಿಂದ ‘ಅಣ್ಣಾ’ ಅಂದ ಹಾಗಾಯಿತು.

ತಿರುಗಿ ನೋಡಬಾರದು ಅಂತಾರೆ.
ನೋಡಿದೆ.

ಮಂಜಿನೊಳಗೆ ಸಾಲು. ಕೂಗಿಲ್ಲ, ಕತ್ತಿಯಿಲ್ಲ.
ಸೊಸೈಟಿ ಮುಂದೆ ಸೀಮೆಎಣ್ಣೆಗೆ ನಿಂತಂತೆ ನಿಂತಿದ್ದಾರೆ,
ಪ್ರತಿಯೊಬ್ಬನೂ ಮುಂದಿನವನ ಬೆನ್ನು ನೋಡುತ್ತ.
ಒಬ್ಬನಿಗೆ ತೋಳಿಲ್ಲ. ಒಬ್ಬನಿಗೆ ಪೇಟ ಇದೆ,
ಪೇಟದ ಕೆಳಗೆ ಏನೂ ಇಲ್ಲ.
ಎರಡೂ ಕಡೆಯವರು ಕಲೆತಿದ್ದಾರೋ ಏನೋ,
ಬಟ್ಟೆ ಮಣ್ಣಾದ ಮೇಲೆ ಕಡೆ ಯಾವುದು ಅಂತ ಹೇಗೆ ಹೇಳುವುದು?

ಮೀಸೆ ಮೂಡದ ಹುಡುಗನೊಬ್ಬ ಕತ್ತೆತ್ತಿ ಕೇಳಿದ:
‘ಬಟವಾಡೆ ಇವತ್ತೇನಾ?’

ಗೆದ್ದವರು ಯಾರು ಅಂತ ಕೇಳಲಿಲ್ಲ. ನೀರು ಕೇಳಲಿಲ್ಲ.
ಐದು ತಿಂಗಳ ಬಾಕಿ, ಅಂದ.
ಕಾಳಗ ಮುಗಿದ ಮಾರನೇ ದಿನ ಕಡತ ಬಿಚ್ಚುತ್ತೇವೆ
ಅಂದಿದ್ದರಂತೆ ಶ್ಯಾನುಭೋಗರು.
ಹೆಸರು ಕೂಗುವಾಗ ಇಲ್ಲದಿದ್ದರೆ ಗೀಟು ಎಳೆಯುತ್ತಾರೆ.
‘ಅದಕ್ಕೇ ಎಲ್ಲೂ ಹೋಗಿಲ್ಲ.’

ಬಾಯಲ್ಲಿ ತಂತಿ. ಇಲ್ಲದಿದ್ದರೆ ಹೇಳುತ್ತಿದ್ದೆ,
ತಮ್ಮಾ, ನನಗೂ ಮೂರು ತಿಂಗಳಾಯಿತು.
ಸಾಗರದಲ್ಲಿ ಕೇಳಿದರೆ ಕಂಟ್ರಾಕ್ಟರನ್ನು ಕೇಳು,
ಅವನನ್ನು ಕೇಳಿದರೆ ಬಿಲ್ಲು ಶಿವಮೊಗ್ಗದಲ್ಲಿದೆ,
ಶಿವಮೊಗ್ಗದ ಕಿಟಕಿಯಲ್ಲಿ, ನಿನ್ನ ಹೆಸರೇ ಇಲ್ಲವಲ್ಲ ಮಾರಾಯ,
ನಾಳೆ ಬಾ.
ದೆವ್ವಕ್ಕೆಂದು ಅಜ್ಜಿ ಬಾಗಿಲಿಗೆ ಸುಣ್ಣದಲ್ಲಿ ಬರೆಸಿದ್ದೂ
ಇದೇ ಎರಡು ಮಾತು.
ಕೆರಿಯನ ಹೆಸರೂ ಪಟ್ಟಿಯಲ್ಲಿರಲಿಲ್ಲ.
ಇಲ್ಲದವನು ತಂತಿಯ ಮೇಲೆ ಸತ್ತದ್ದಕ್ಕೆ ಪರಿಹಾರ ಎಲ್ಲಿಂದ?

ಫ್ಯೂಸು ಕೂತಿತು. ಹೊಳೆಯಾಚೆ ಮನೆಗಳು ಕಣ್ಣುಬಿಟ್ಟವು,
ಯಾರದೋ ಟಿವಿ ನಿಲ್ಲಿಸಿದಲ್ಲಿಂದ ನಗತೊಡಗಿತು.
ಮಂಜು ಖಾಲಿಯಾಗುವ ಮುಂಚೆ ಕಂಡೆ:
ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಹಿಂದೆ ಬಂದವನ
ಬಲಗೈಯಲ್ಲಿ ಕಪ್ಪು ರಬ್ಬರು.

ಬೆಳಗ್ಗೆ ಬುಡೇನ್ ಸಾಬರು ಚಾ ಇಟ್ಟು, ‘ಏನು ಕಂಡೆ?’
‘ಕುದುರೆ.’
‘ಸವಾರನಿಲ್ಲದ್ದಾ?’
‘ಹ್ಞೂಂ.’
ಜೇಬು ತಡಕಿದೆ. ಇರಲಿ ಬಿಡು, ಅಂದರು,
ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಬರೆದುಕೊಂಡರು.
ಆ ಒಂದು ಪುಸ್ತಕದಲ್ಲಿ ನನ್ನ ಹೆಸರಿದೆ.